ನೂರಕ್ಕ ಎಷ್ಟು ಬಿತ್ತು?

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಮೇ ತಿಂಗಳ ಬಿಸಿಲೂ ಎಸ್ಸೆಸ್ಸೆಲ್ಸಿ ರಿಸಲ್ಟೂ ಜೋಡಿಯಾಗಿ ಬರುತ್ತವೆ. ಎರಡರಿಂದಲೂ ಮರೆಯಾಗಲು ಜಾಗ ಸಿಗುವುದಿಲ್ಲ. ಇಂಡಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂಬೆಹಣ್ಣಿನ ಮೂಟೆ ಕಾಯುತ್ತ ಕೂತವರಿಂದ ಹಿಡಿದು ಮುದ್ದೇಬಿಹಾಳದ ಮದುವೆ ಪಂಕ್ತಿಯಲ್ಲಿ ಮಾದಲಿ ಯಾವಾಗ ತಮ್ಮ ಎಲೆಗೆ ಬಂದೀತು ಎಂದು ಕತ್ತು ಚಾಚಿದವರ ತನಕ ಎಲ್ಲರದೂ ಒಂದೇ ಪ್ರಶ್ನೆ: "ನೂರಕ್ಕ ಎಷ್ಟು ಬಿತ್ತು?" ಹುಡುಗ ಯಾರ ಮಗ, ಏನು ಓದಿದ, ಮುಂದೇನು ಮಾಡುತ್ತಾನೆ ಎಂಬುದೆಲ್ಲ ಆಮೇಲೆ. ಮೊದಲು ಅಂಕಿ ಬೀಳಬೇಕು. ಬಿದ್ದ ಮೇಲೆ ಕೇಳಿದವರು "ಹೂಂ" ಎನ್ನುತ್ತಾರೆ. 72ಕ್ಕೂ 92ಕ್ಕೂ ಇರುವ ಅಂತರವೆಲ್ಲ ಆ "ಹೂಂ" ಎಳೆಯುವ ರೀತಿಯಲ್ಲೇ ಗೊತ್ತಾಗುತ್ತದೆ.

ಈ ಗಾಳಿಯಲ್ಲಿ ಬೆಳೆದವನಿಗೆ ವಿಜ್ಞಾನದ ಸುದ್ದಿ ಓದುವಾಗಲೂ ಅದೇ ಚಟ. ಕ್ವಾಂಟಂ ಟೆಲಿಪೋರ್ಟೇಶನ್ ಎಂಬುದು ಆಗಾಗ ಪತ್ರಿಕೆಯಲ್ಲಿ ಮುಖ ತೋರಿಸಿ ಹೋಗುತ್ತದೆ. ತಲೆಬರಹದಲ್ಲಿ ಇರುವುದು ದೂರ: ಇಷ್ಟು ಕಿಲೋಮೀಟರ್, ಅಷ್ಟು ಕಿಲೋಮೀಟರ್, ನೆಲದಿಂದ ಉಪಗ್ರಹಕ್ಕೆ. ಕಳಿಸಿದ್ದು ಎಷ್ಟು ಸರಿಯಾಗಿ ಮುಟ್ಟಿತು ಎಂಬ ಅಂಕ ಸುದ್ದಿಯ ಬಾಲದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ದೂರ ಹೋದವನನ್ನು ನಾವು ಮೆಚ್ಚುತ್ತೇವೆ, ಸರಿ. ಆದರೆ ಮಗ ಅಮೆರಿಕದಲ್ಲಿದ್ದಾನೆ ಎಂದವರಿಗೂ ಬಾಗೇವಾಡಿಯ ಅಜ್ಜಿ ಕೇಳುವುದು, "ಅಲ್ಲಿ ಏನು ಮಾಡ್ತಾನ?" ಎಂದೇ ಅಲ್ಲವೆ?

ಏನನ್ನು ಕಳಿಸುತ್ತಾರೆ ಎಂಬುದನ್ನು ಮೊದಲು ಹೇಳಿಬಿಡಬೇಕು. ಸಿನಿಮಾದಲ್ಲಿ ಮನುಷ್ಯ ಇಲ್ಲಿ ಮಾಯವಾಗಿ ಅಲ್ಲಿ ಪ್ರತ್ಯಕ್ಷನಾಗುತ್ತಾನಲ್ಲ, ಅದಲ್ಲ. ಇಲ್ಲಿ ಕಣ ಹೋಗುವುದೇ ಇಲ್ಲ. ಕಣದ ಸ್ಥಿತಿ ಹೋಗುತ್ತದೆ. ಆ ಕಡೆ ಇನ್ನೊಂದು ಕಣ ಮೊದಲೇ ಕಾದು ಕೂತಿರುತ್ತದೆ, ಈ ಕಣದ ಸ್ಥಿತಿ ಅದರೊಳಗೆ ಹೋಗಿ ಕೂರುತ್ತದೆ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರಕಾಯ ಪ್ರವೇಶದ ಕಥೆ ಕೇಳಿಯೇ ದೊಡ್ಡವರಾದವರು. 1993ರಲ್ಲಿ ಈ ವಿಧಾನವನ್ನು ಕಾಗದದ ಮೇಲೆ ಕಟ್ಟಿಕೊಟ್ಟವರು ಆರು ಜನ: ಚಾರ್ಲ್ಸ್ ಬೆನೆಟ್, ಜಿಲ್ ಬ್ರಾಸಾರ್, ಕ್ಲೋಡ್ ಕ್ರೆಪೋ, ರಿಚರ್ಡ್ ಜೋಜಾ, ಆಶರ್ ಪೆರೆಸ್, ವಿಲಿಯಂ ವೂಟರ್ಸ್. ಇವರಲ್ಲಿ ಪೆರೆಸ್ ಎಂಬಾತ ಭಾರಿ ಚತುರ. ದೇಹದ ಜೊತೆಗೆ ಆತ್ಮವನ್ನೂ ಕಳಿಸಬಹುದೆ ಎಂದು ಪತ್ರಕರ್ತರೊಬ್ಬರು ಕೇಳಿದಾಗ, ಆತ್ಮವನ್ನು ಮಾತ್ರ ಎಂದು ಉತ್ತರಿಸಿದನಂತೆ. ಈ ಉತ್ತರ ನಮ್ಮ ಯಾವ ಮಠದ ಕಟ್ಟೆಯ ಮೇಲೂ ಸಲ್ಲುತ್ತದೆ.

ಭೌತವಿಜ್ಞಾನಿಗಳು ಈ ಆಟವನ್ನು ಆಲಿಸ್ ಮತ್ತು ಬಾಬ್ ಎಂಬಿಬ್ಬರ ಕೈಲಿ ಆಡಿಸುತ್ತಾರೆ. ನಾವು ಇಂಡಿಯಲ್ಲಿ ನಿಂಗಪ್ಪನನ್ನೂ ಮುದ್ದೇಬಿಹಾಳದಲ್ಲಿ ಮಲ್ಲವ್ವನನ್ನೂ ಕೂರಿಸೋಣ. ನಡುವೆ ಬಾಗೇವಾಡಿಯ ಹತ್ತಿರ ಒಂದು ಯಂತ್ರವಿದೆ ಎಂದುಕೊಳ್ಳಿ. ಅದು ಒಂದಕ್ಕೊಂದು ಹೆಣೆದುಕೊಂಡ ಎರಡು ಬೆಳಕಿನ ಕಣಗಳನ್ನು ಹುಟ್ಟಿಸಿ, ಒಂದನ್ನು ಇಂಡಿಗೂ ಇನ್ನೊಂದನ್ನು ಮುದ್ದೇಬಿಹಾಳಕ್ಕೂ ಕಳಿಸುತ್ತದೆ. ನಿಂಗಪ್ಪನ ಬಳಿ ಇದಲ್ಲದೆ ಬೇರೊಂದು ಕಣವಿದೆ. ಅದರ ಸ್ಥಿತಿ ಏನೆಂದು ಅವನಿಗೂ ಗೊತ್ತಿಲ್ಲ, ಆದರೆ ಮಲ್ಲವ್ವನಿಗೆ ಮುಟ್ಟಿಸಬೇಕು. ಅವನು ಎರಡೂ ಕಣಗಳನ್ನು ಕೂಡಿಸಿ ಅಳೆಯುತ್ತಾನೆ. ನಾಲ್ಕು ಉತ್ತರಗಳಲ್ಲಿ ಯಾವುದಾದರೂ ಒಂದು ಬರುತ್ತದೆ, ಅಳೆದ ಆ ಗಳಿಗೆಯಲ್ಲೇ ಮೂಲ ಕಣದ ಸ್ಥಿತಿ ಅಳಿಸಿಹೋಗುತ್ತದೆ. ಆಮೇಲೆ ಫೋನು ಹಚ್ಚಬೇಕು: "ಮಲ್ಲವ್ವಾ, ಮೂರನೇದು ಬಂತು ನೋಡು." ಮೂರನೆಯದಕ್ಕೆ ಹೇಗೆ ತಿರುಗಿಸಬೇಕೋ ಹಾಗೆ ಮಲ್ಲವ್ವ ತನ್ನ ಕಣವನ್ನು ತಿರುಗಿಸುತ್ತಾಳೆ. ಅಷ್ಟಾದರೆ ನಿಂಗಪ್ಪನ ಕಣ ಇದ್ದ ಸ್ಥಿತಿಗೆ ಮಲ್ಲವ್ವನ ಕಣ ಬಂದಿರುತ್ತದೆ. ಫೋನು ಬರುವ ಮೊದಲು ಆಕೆಯ ಕೈಲಿರುವುದು ಬರೀ ಗೊಂದಲ. ಹಾಗಾಗಿ ಬೆಳಕಿಗಿಂತ ಬೇಗ ಸುದ್ದಿ ಮುಟ್ಟಿಸುವ ಆಸೆ ಇಟ್ಟುಕೊಂಡವರು ಇಲ್ಲಿಂದಲೇ ಎದ್ದು ಹೋಗಬಹುದು.

ಈ ವಿಷಯ ಎತ್ತಿದರೆ ನಮ್ಮ ಊರವರು ಗೋಳಗುಮ್ಮಟವನ್ನು ಎಳೆದು ತರುತ್ತಾರೆ. ಅಲ್ಲಿ ಪಿಸುಗುಟ್ಟಿದ್ದು ಆಚೆ ಬದಿಗೆ ಕೇಳಿಸುತ್ತದಲ್ಲ, ಹಾಗೇನೋ ಎನ್ನುತ್ತಾರೆ. ಖಂಡಿತ ಹಾಗಲ್ಲ. ಗುಮ್ಮಟದಲ್ಲಿ ದನಿ ಗೋಡೆ ಹಿಡಿದು ತಾನೇ ನಡೆದು ಹೋಗುತ್ತದೆ, ಬೇಕಾದವರು ನಡುದಾರಿಯಲ್ಲಿ ಕಿವಿಗೊಟ್ಟು ಕೇಳಬಹುದು. ಇಲ್ಲಿ ನಡುದಾರಿಯಲ್ಲಿ ಕೇಳಲು ಏನೂ ಇರುವುದಿಲ್ಲ. ಆದಿಲ್‌ಶಾಹಿಗಳಿಗೆ ಸಲ್ಲಬೇಕಾದ ಹೆಗ್ಗಳಿಕೆ ಬೇರೆ ಸಾಕಷ್ಟಿದೆ, ಇದನ್ನು ಬಿಟ್ಟುಬಿಡೋಣ.

ಈಗ ಅಂಕದ ಮಾತು. ಪರೀಕ್ಷೆಯ ದಿನ ನಿಂಗಪ್ಪನಿಗೆ ಗೊತ್ತಿರುವ ಸ್ಥಿತಿಗಳನ್ನೇ ಕೊಡುತ್ತಾರೆ. ಬೆಳಕಿನ ಕಂಪನ ಅಡ್ಡಡ್ಡ, ಉದ್ದುದ್ದ, ಎಡಕ್ಕೆ ಓರೆ, ಬಲಕ್ಕೆ ಓರೆ, ಎಡಸುತ್ತು, ಬಲಸುತ್ತು, ಹೀಗೆ ಆರು ಬಗೆ. ಮಲ್ಲವ್ವನ ಕಡೆ ಒಂದು ಸೋಸುಗಾಜು, ಅದರ ಹಿಂದೆ ಎರಡು ಪತ್ತೆಯಂತ್ರಗಳು. ಕಳಿಸಿದ್ದು ಅಡ್ಡವಾದರೆ, ಬಂದದ್ದು ಅಡ್ಡದ ಯಂತ್ರದಲ್ಲಿ "ಟಕ್" ಎಂದರೆ ಸರಿ, ಇನ್ನೊಂದರಲ್ಲಿ "ಟಕ್" ಎಂದರೆ ತಪ್ಪು. ಒಂದೇ ಕಣದಿಂದ ಏನೂ ತಿಳಿಯದು. ನೂರಾರು ಸಲ ಕಳಿಸಿ, ಸರಿಯನ್ನು ಒಟ್ಟಿನಿಂದ ಭಾಗಿಸಿದರೆ ಬರುವುದೇ ನಿಖರತೆ. ಇದಕ್ಕಿಂತ ಸರಳವಾದ ಮೌಲ್ಯಮಾಪನ ನಮ್ಮ ಬೋರ್ಡಿನಲ್ಲೂ ಇಲ್ಲ.

ಪಾಸ್ ಮಾರ್ಕಿನ ಸಂಗತಿಯೇ ಬೇರೆ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಬಿದ್ದರೆ ದಾಟಿದ ಹಾಗೆ. ಇಲ್ಲಿ 35 ಬೀಳಬೇಕೆಂದರೆ ಮನಸಿಟ್ಟು ತಪ್ಪು ಮಾಡಬೇಕು, ಏಕೆಂದರೆ ಕಣ್ಣು ಮುಚ್ಚಿ ಯಾವುದೋ ಕಣ ಕೊಟ್ಟರೂ ಸರಾಸರಿ 50 ಬಂದೇ ಬರುತ್ತದೆ. ಹೆಣೆದ ಜೋಡಿಯ ತಂಟೆಯೇ ಇಲ್ಲದೆ, ನಿಂಗಪ್ಪ ತನ್ನ ಕಣವನ್ನು ಅಳೆದು ಬಂದ ಉತ್ತರವನ್ನು ಫೋನಿನಲ್ಲಿ ಹೇಳಿ, ಮಲ್ಲವ್ವ ಅದರಂತೆ ಹೊಸ ಕಣ ಮಾಡಿಟ್ಟರೆ 66.7 ತನಕ ಹೋಗಬಹುದು. ಮೂರರಲ್ಲಿ ಎರಡು ಪಾಲು. ಇದು ಈ ದಾರಿಯ ಕಟ್ಟಕಡೆಯ ಮಿತಿ ಎಂದು ಸೆರ್ಜ್ ಮಸಾರ್ ಮತ್ತು ಸಾಂಡು ಪೊಪೆಸ್ಕು 1995ರಲ್ಲಿ ತೋರಿಸಿದರು. ಅಂದರೆ ಯಾರಾದರೂ ಟೆಲಿಪೋರ್ಟೇಶನ್ ಮಾಡಿ 65 ತೆಗೆದೆ ಎಂದು ಬೀಗಿದರೆ, ಅಷ್ಟಕ್ಕೆ ಒಂದು ಫೋನು ಸಾಕಿತ್ತಲ್ಲಪ್ಪ ಎನ್ನಬೇಕಾಗುತ್ತದೆ. ಪಾಸಾಗಲು 66.7 ದಾಟಬೇಕು. ಅದರ ಮೇಲೆ 83.3ರಲ್ಲಿ ಇನ್ನೊಂದು ಗೆರೆ. ಯಾವುದೇ ಕ್ವಾಂಟಂ ಸ್ಥಿತಿಯನ್ನು ಎರಡಾಗಿ ನಕಲು ಮಾಡಲು ಹೊರಟರೆ ಎರಡೂ ನಕಲುಗಳು ಆರರಲ್ಲಿ ಐದು ಪಾಲಿನಷ್ಟು ಮಾತ್ರ ಚೆನ್ನಾಗಿ ಬರಬಲ್ಲವು. 83.3 ದಾಟಿದರೆ, ತನಗೆ ಬಂದಷ್ಟು ಒಳ್ಳೆಯ ಪ್ರತಿ ಬೇರೆ ಯಾರ ಕೈಯಲ್ಲೂ ಇಲ್ಲ ಎಂದು ಮಲ್ಲವ್ವ ಎದೆ ತಟ್ಟಿ ಹೇಳಬಹುದು. ಇದನ್ನು ಡಿಸ್ಟಿಂಕ್ಷನ್ ಎನ್ನೋಣ.

ಸಿಲೆಬಸ್ ಬೇರೆಯಾದರೆ ಪಾಸ್ ಮಾರ್ಕೂ ಬೇರೆ. 1998ರಲ್ಲಿ ಕ್ಯಾಲ್‌ಟೆಕ್‌ನಲ್ಲಿ ಅಕಿರಾ ಫುರುಸಾವಾ, ಜೆಫ್ ಕಿಂಬಲ್ ಮತ್ತವರ ಸಂಗಡಿಗರು ಬಿಡಿ ಕಣದ ಬದಲು ಬೆಳಕಿನ ಅಲೆಯನ್ನೇ ಕಳಿಸಿದರು. ಬಂದದ್ದು 58. ಅಲ್ಲಿ ಪಾಸಾಗಲು 50 ದಾಟಿದರೆ ಸಾಕಿತ್ತು, ಹಾಗಾಗಿ ಅದೂ ಪಾಸೇ.

ಇನ್ನು ದೊಡ್ಡ ದೂರದವರು. 2012ರಲ್ಲಿ ಚೀನಾದವರು ಚಿಂಗ್‌ಹಾಯ್ ಸರೋವರದ ಮೇಲೆ 97 ಕಿ.ಮೀ. ಕಳಿಸಿದರು. ಇಂಡಿಯಿಂದ ಮುದ್ದೇಬಿಹಾಳಕ್ಕೆ ಹಕ್ಕಿ ಹಾರಿದಂತೆ ಹೋದರೆ ಹೆಚ್ಚುಕಡಿಮೆ ಅಷ್ಟೇ ದೂರ. ಅಂಕ 80.4. ಅದೇ ವರ್ಷ ಆಂಟನ್ ಝೈಲಿಂಗರ್ ತಂಡ ಕ್ಯಾನರಿ ದ್ವೀಪಗಳಲ್ಲಿ ಲಾ ಪಾಲ್ಮಾದಿಂದ ಟೆನೆರಿಫ್‌ಗೆ, ಸಮುದ್ರದ ಮೇಲೆ 143 ಕಿ.ಮೀ., ಕಳಿಸಿ 86.3 ತೆಗೆಯಿತು. ಡಿಸ್ಟಿಂಕ್ಷನ್! ಅದಕ್ಕೆ ಮೊದಲು ಮಳೆ, ಮಂಜು, ಮರಳುಗಾಳಿ ಎಂದು ಹವೆ ಕೈಕೊಟ್ಟು ಸುಮಾರು ಒಂದು ವರ್ಷ ಕೈಕಟ್ಟಿ ಕೂರಬೇಕಾಗಿತ್ತು. 2017ರಲ್ಲಿ ಚೀನಾದವರು ಟಿಬೆಟಿನ ನ್ಗಾರಿಯಲ್ಲಿ, 5100 ಮೀಟರ್ ಎತ್ತರದಲ್ಲಿ ಕೂತು ಮೈಸಿಯಸ್ ಉಪಗ್ರಹಕ್ಕೆ 1400 ಕಿ.ಮೀ. ತನಕ ಕಳಿಸಿದರು. ವಿಜಯಪುರದಿಂದ ದಿಲ್ಲಿಯ ದೂರಕ್ಕಿಂತ ಒಂದು ಹಿಡಿ ಹೆಚ್ಚು. ಅಂಕ 80. ಪ್ರಪಂಚವೆಲ್ಲ ಚಪ್ಪಾಳೆ ತಟ್ಟಿತು, ತಟ್ಟಬೇಕಾದದ್ದೇ.

ಆದರೆ ಹಾಜರಿ ಪುಸ್ತಕವನ್ನೂ ತೆರೆದು ನೋಡಬೇಕು. ಒಂದು ಶಾಲೆ ನೂರಕ್ಕೆ ನೂರು ಫಲಿತಾಂಶ ಎಂದು ಬ್ಯಾನರ್ ಕಟ್ಟಿದರೆ ನಮ್ಮ ಕಡೆ ಮೊದಲು ಕೇಳುವುದು, ಪರೀಕ್ಷೆಗೆ ಕೂತವರೆಷ್ಟು ಎಂದು. ಮೈಸಿಯಸ್ ಪ್ರಯೋಗದಲ್ಲಿ 32 ದಿನ ಕಳಿಸಿದ ಕೋಟ್ಯಂತರ ಕಣಗಳ ಪೈಕಿ ಲೆಕ್ಕಕ್ಕೆ ಸಿಕ್ಕಿದ್ದು 911. ಮಿಕ್ಕವು ಗಾಳಿಯಲ್ಲಿ ಚೆದುರಿದವು, ದೂರದರ್ಶಕದ ಬಾಯಿ ತಪ್ಪಿದವು. 80 ಬಂದದ್ದು ಈ 911 ಜನರ ಉತ್ತರಪತ್ರಿಕೆಯಲ್ಲಿ. ಗೈರುಹಾಜರಾದವರನ್ನು ನಪಾಸು ಎಂದು ಎಣಿಸಿದರೆ ಅಂಕ ನೆಲಕ್ಕೆ ಬೀಳುತ್ತದೆ. ಇದು ಮೋಸವಲ್ಲ, ಎಲ್ಲರೂ ಪ್ರಬಂಧದಲ್ಲಿ ಬರೆದೇ ಇರುತ್ತಾರೆ. ಇನ್ನೊಂದು ತೊಡಕೂ ಉಂಟು. ಬರೀ ಕನ್ನಡಿ, ಗಾಜುಗಳಿಂದ ಅಳೆದರೆ ನಿಂಗಪ್ಪನಿಗೆ ಬರುವ ನಾಲ್ಕು ಉತ್ತರಗಳಲ್ಲಿ ಎರಡನ್ನಷ್ಟೇ ಗುರುತು ಹಿಡಿಯಬಹುದು, ಉಳಿದೆರಡು ಬಂದ ಸಲವೆಲ್ಲ ವ್ಯರ್ಥ. 1997ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ನಡೆದ ಹೆಸರಾಂತ ಮೊದಲ ಪ್ರಯೋಗದಲ್ಲಿ ನಾಲ್ಕರಲ್ಲಿ ಒಂದನ್ನು ಮಾತ್ರ ಗುರುತಿಸುತ್ತಿದ್ದರು. ಸ್ಯಾಮ್ಯುಯೆಲ್ ಬ್ರೌನ್‌ಸ್ಟೈನ್ ಮತ್ತು ಕಿಂಬಲ್ ಆಗಲೇ ಈ ಹಾಜರಿಯ ತಕರಾರು ತೆಗೆದಿದ್ದರು.

ಆದ್ದರಿಂದ ನನಗೆ ಮೆಚ್ಚುಗೆ ಹತ್ತಿರದವರ ಮೇಲೆ. 2004ರ ಜೂನಿನಲ್ಲಿ ಎರಡು ತಂಡಗಳು ಒಟ್ಟಿಗೇ ಅಯಾನುಗಳ ನಡುವೆ ಇದನ್ನು ಮಾಡಿ ತೋರಿಸಿದವು: ಇನ್ಸ್‌ಬ್ರುಕ್‌ನವರಿಗೆ 75, ಅಮೆರಿಕದ ಬೋಲ್ಡರ್‌ನವರಿಗೆ 78. ದೂರ ಒಂದು ಮಿಲಿಮೀಟರೂ ಇಲ್ಲ. ಆದರೆ ಗುಂಡಿ ಒತ್ತಿದ ಪ್ರತಿ ಸಲವೂ ಲೆಕ್ಕಕ್ಕೆ ಬಂದಿತ್ತು, ಗೈರು ಎಂಬುದೇ ಇಲ್ಲ. 2014ರಲ್ಲಿ ಡೆಲ್ಫ್ಟ್‌ನ ರೊನಾಲ್ಡ್ ಹ್ಯಾನ್ಸನ್ ತಂಡ ಎರಡು ವಜ್ರದ ಚೂರುಗಳ ನಡುವೆ 3 ಮೀಟರ್ ಕಳಿಸಿ 77 ತೆಗೆಯಿತು, ಅದೂ ಪೂರ್ತಿ ಹಾಜರಿಯೊಂದಿಗೆ. ಆ 3 ಮೀಟರ್ ನನ್ನ ತಕ್ಕಡಿಯಲ್ಲಿ 1400 ಕಿ.ಮೀ.ಗಿಂತ ಭಾರ. ಜಗಳಕ್ಕೆ ಬರುವವರು ಬರಬಹುದು.

ನಕಲಿನ ಮಾತು ಬಂತಲ್ಲ, ಬಾಗೇವಾಡಿಯ ಹೆಸರು ಹೇಳಿ ಬಸವಣ್ಣನ ಸುದ್ದಿ ತೆಗೆಯದೆ ಮುಂದೆ ಹೋಗುವುದು ನಮ್ಮ ಕಡೆ ಆಗದ ಮಾತು. ಹನ್ನೆರಡನೆಯ ಶತಮಾನದ ವಚನಗಳು ನಮ್ಮ ತನಕ ಬಂದದ್ದೇ ನಕಲಿನ ಮೇಲೆ ನಕಲಾಗಿ. ಒಬ್ಬ ಓಲೆಗರಿಯಲ್ಲಿ ಕೊರೆದ, ಅದನ್ನು ನೋಡಿ ಇನ್ನೊಬ್ಬ. ಕಣ್ಣು ತಪ್ಪಿ ಒಂದಕ್ಷರ ಬಿದ್ದುಹೋಯಿತು, ಭಕ್ತಿ ಹೆಚ್ಚಾಗಿ ಎರಡು ಸೇರಿಕೊಂಡವು. ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಗರಿಗಳನ್ನು ಕೂಡಿಹಾಕಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದರು. 1926ರಿಂದ 'ಶಿವಾನುಭವ' ಪತ್ರಿಕೆ ನಡೆಸಿದರು. ಒಂದು ಪ್ರತಿಯಲ್ಲಿ ಬಿದ್ದ ಅಕ್ಷರ ಇನ್ನೊಂದರಲ್ಲಿ ಉಳಿದಿರುತ್ತಿತ್ತು, ಎದುರುಬದುರು ಇಟ್ಟು ನೋಡಿದರೆ ಸಿಗುತ್ತಿತ್ತು. ಕ್ವಾಂಟಂ ಲೋಕದಲ್ಲಿ ಈ ಭಾಗ್ಯವಿಲ್ಲ. ಗೊತ್ತಿಲ್ಲದ ಸ್ಥಿತಿಯನ್ನು ಚಾಚೂತಪ್ಪದೆ ನಕಲು ಮಾಡಲಾಗದು ಎಂದು 1982ರಲ್ಲೇ ವೂಟರ್ಸ್ ಮತ್ತು ಝುರೆಕ್, ಬೇರೆಯಾಗಿ ಡೀಕ್ಸ್, ತೋರಿಸಿಬಿಟ್ಟಿದ್ದಾರೆ. ಮಲ್ಲವ್ವನಿಗೆ ಮುಟ್ಟುವ ಹೊತ್ತಿಗೆ ನಿಂಗಪ್ಪನ ಬಳಿ ಮೂಲಪ್ರತಿ ಇಲ್ಲ. ಅಲ್ಲಿ ಹಳಕಟ್ಟಿಯವರಿಗೆ ಕೆಲಸವೇ ಇರುತ್ತಿರಲಿಲ್ಲ!

ಅಂಕ ಎಲ್ಲಿ ಕಳೆಯುತ್ತದೆ ಎಂದರೆ, ಹೆಚ್ಚಿನದು ಜೋಡಿ ಹುಟ್ಟಿಸುವ ಕಡೆಯೇ. ಹರಳಿನ ಮೇಲೆ ಲೇಸರ್ ಬಿಟ್ಟಾಗ ಒಂದು ಜೋಡಿ ಬರಬೇಕಾದಲ್ಲಿ ಒಮ್ಮೊಮ್ಮೆ ಎರಡು ಜೋಡಿ ಬಂದುಬಿಡುತ್ತವೆ, ಯಾವುದಕ್ಕೆ ಯಾವುದು ಎಂಬ ಗಲಿಬಿಲಿ. ನಿಂಗಪ್ಪ ಕೂಡಿಸಿ ಅಳೆಯುವ ಎರಡು ಕಣಗಳು ಬಣ್ಣದಲ್ಲಿ, ಬಂದ ಹೊತ್ತಿನಲ್ಲಿ ಒಂದಿಷ್ಟೂ ಬೇರೆಯಾಗಿರಕೂಡದು. ಒಂದು ಕೂದಲೆಳೆ ಮುಂದೆ ಬಂದರೂ ಅಂಕ ಜಾರಿತು. ಪತ್ತೆಯಂತ್ರ ಏನೂ ಬಾರದೆಯೂ "ಟಕ್" ಎನ್ನುವುದುಂಟು. ಗಾಜಿನ ನಾರಿನಲ್ಲಿ ಕಳಿಸಿದರೆ ಬಿಸಿ ಏರಿದಂತೆ ಕಂಪನದ ದಿಕ್ಕೇ ತಿರುಗುತ್ತದೆ. ಸಿಂದಗಿಯ ಮೇ ತಿಂಗಳ ನೆಲದಲ್ಲಿ ಹೂತ ನಾರನ್ನು ಹತೋಟಿಯಲ್ಲಿಡುವವರಿಗೆ ಬೇರೆ ತಪಸ್ಸು ಬೇಡ. ಬಯಲಿನ ಮೇಲೆ ಕಳಿಸಿದರೆ ಬಿಸಿಲ್ಗುದುರೆ ಕುಣಿಸುವ ಅದೇ ಗಾಳಿ ಬೆಳಕನ್ನೂ ಕುಣಿಸುತ್ತದೆ. ಕ್ಯಾನರಿಯಲ್ಲೂ ಟಿಬೆಟಿನಲ್ಲೂ ಬೆಟ್ಟ ಹತ್ತಿ ಕೂತದ್ದು ಸುಮ್ಮನೆ ಅಲ್ಲ.

ಆದರೂ ಅಂಕ ಏರುತ್ತಿದೆ. 2020ರಲ್ಲಿ ಫರ್ಮಿಲ್ಯಾಬ್ ಮತ್ತು ಕ್ಯಾಲ್‌ಟೆಕ್‌ನವರು 44 ಕಿ.ಮೀ. ನಾರಿನಲ್ಲಿ 90 ದಾಟಿದರು. ಬಾಗೇವಾಡಿಯಿಂದ ಸಿಂದಗಿಗೆ ನೇರ ಗೆರೆ ಎಳೆದರೆ ಅದರ ಹತ್ತಿರಕ್ಕೆ ಬರುತ್ತದೆ. 2024ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ರೇಮ್ ಕುಮಾರ್ ತಂಡ 30 ಕಿ.ಮೀ. ನಾರಿನಲ್ಲಿ, ಮಾಮೂಲಿ ಇಂಟರ್ನೆಟ್ ದಟ್ಟಣೆ ಹರಿಯುತ್ತಿರುವಾಗಲೇ ಅದರ ನಡುವೆ ಇದನ್ನು ದಾಟಿಸಿತು. ಜಗತ್ತಿನ ಗುಡ್ ಮಾರ್ನಿಂಗ್ ಸಂದೇಶಗಳ ಸಂತೆಯೊಳಗೆ ಒಂದೇ ಒಂದು ಬೆಳಕಿನ ಕಣದ ಮರ್ಯಾದೆ ಉಳಿಸಿದ ಈ ಕೆಲಸಕ್ಕೆ ಬಂದ ಪ್ರಚಾರ ಕಡಿಮೆಯಾಯಿತು ಎಂದು ನನಗನ್ನಿಸುತ್ತದೆ. ಇಷ್ಟಾದರೂ ಮನುಷ್ಯನನ್ನು ಕಳಿಸುವ ಮಾತು ಬೇಡ. ದೇಹದಲ್ಲಿ ಪರಮಾಣುಗಳು ಏಳರ ಮುಂದೆ 27 ಸೊನ್ನೆಯಷ್ಟು. 99.99 ತೆಗೆದರೂ, ಒರಟು ಲೆಕ್ಕದಲ್ಲಿ ಏಳರ ಮುಂದೆ 23 ಸೊನ್ನೆಯಷ್ಟು ತಪ್ಪು ಜಾಗದಲ್ಲಿ ಕೂತಿರುತ್ತವೆ. ಮುದ್ದೇಬಿಹಾಳದಿಂದ ಹೊರಟವನನ್ನು ಬೆಂಗಳೂರಿನಲ್ಲಿ ಹೆಂಡತಿಯೇ ಗುರುತಿಸಲಾರಳು. ರಾತ್ರಿ ಬಸ್ಸಿನಲ್ಲಿ ಬಂದರೂ ಹಾಗೇ ಆಗುತ್ತದೆ ಎನ್ನುವವರಿದ್ದಾರೆ.

ಬೆಂಗಳೂರು ಸುಮ್ಮನೆ ಕೂತಿಲ್ಲ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಊರ್ಬಶಿ ಸಿನ್ಹಾ ಅವರ ತಂಡ ಇಸ್ರೋ ಜೊತೆಗೂಡಿ, ಹೆಣೆದ ಕಣಗಳ ಆಧಾರದ ಮೇಲೆ ಗುಪ್ತ ಕೀಲಿಯನ್ನು ಸಂಸ್ಥೆಯ ಎರಡು ಕಟ್ಟಡಗಳ ನಡುವೆ ಬಯಲಿನಲ್ಲೇ ಹಂಚಿ ತೋರಿಸಿದ್ದು 2021ರಲ್ಲಿ. ಅದು ಟೆಲಿಪೋರ್ಟೇಶನ್ ಅಲ್ಲ, ಆದರೆ ಅದಕ್ಕೂ ಬೇಕಾದ ಬಂಡವಾಳ ಇದೇ ಜೋಡಿ ಕಣ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಕಂಪ್ಯೂಟಿಂಗ್ ವಿಭಾಗ ಬಂತು. ಉಪಗ್ರಹದ ಮೂಲಕ 2000 ಕಿ.ಮೀ. ಅಂತರದ ನೆಲೆಗಳ ನಡುವೆ ಸುರಕ್ಷಿತ ಸಂಪರ್ಕ ಸಾಧಿಸುವುದು ಈ ಮಿಷನ್‌ನ ಗುರಿಗಳಲ್ಲೊಂದು. ನೋಡಿ, ಇಲ್ಲೂ ದೂರವೇ.

ಇದನ್ನೆಲ್ಲ ಸಿಂದಗಿಯ ನಿವೃತ್ತ ಗಣಿತ ಮಾಸ್ತರರೊಬ್ಬರ ಮುಂದೆ ಹರಡಿಕೊಂಡು ಕೂತಿದ್ದೆ. ಅವರಿಗೆ 1400 ಕಿ.ಮೀ. ಕೇಳಿ ಏನೂ ಅನ್ನಿಸಲಿಲ್ಲ. ಎಲೆಅಡಿಕೆ ಮಡಚುತ್ತ, "ಅಲ್ರೀ, ಎಂಬತ್ತು ಮುಟ್ಟಿತು, ಖರೆ. ಉಳಿದ ಇಪ್ಪತ್ತು ಎಲ್ಲಿ ಹೋತು?" ಎಂದರು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದ ಒಂದು ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಒಂದು ಕಡೆ ಪೂರ್ತಿ ಅಳಿಸಿಹೋದ ಕ್ವಾಂಟಂ ಮಾಹಿತಿ ನಾಶವಾಗುವುದಿಲ್ಲ, ಸಂಬಂಧಗಳ ಸಂದಿಯಲ್ಲಿ ಅಡಗಿಯೂ ಕೂರುವುದಿಲ್ಲ, ಸುತ್ತಲಿನ ಪರಿಸರಕ್ಕೆ ಹೋಗಿ ಸೇರಿರುತ್ತದೆ ಎಂದು 2007ರಲ್ಲಿ ಅದೇ ಬ್ರೌನ್‌ಸ್ಟೈನ್ ಮತ್ತು ಅರುಣ್ ಪತಿ ಸಾಬೀತುಪಡಿಸಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನಿಲ್ ಕುಮಾರ್ ಅವರ ಜೊತೆ ಝರಣಾ ರಾಣಿ ಸಾಮಲ್ ಒಂದು ಅಣುವಿನೊಳಗಿನ ಪರಮಾಣು ಬೀಜಗಳನ್ನೇ ಹಿಡಿದು ಇದನ್ನು ಪರೀಕ್ಷಿಸಿದರು: ಒಂದು ಬೀಜದಲ್ಲಿ ಅಳಿಸಿದ ಸ್ಥಿತಿ ಪಕ್ಕದ ಬೀಜದಲ್ಲಿ ಹಾಗೇ ಸಿಕ್ಕಿತು. ಪ್ರಬಂಧ ಅಚ್ಚಾದದ್ದು 2011ರಲ್ಲಿ. ಅದನ್ನು ನೋಡಲು ಝರಣಾ ಇರಲಿಲ್ಲ.

"ಹಂಗಾದ್ರ ಹೋದದ್ದು ಎಲ್ಲ್ಯೋ ಅದ. ತಿರುಗಿ ತರಬಹುದಲ್ಲ?" ಎಂದರು ಮಾಸ್ತರರು. ಪ್ರಯೋಗಶಾಲೆಯ ಅಣುವಿನಲ್ಲಿ ಪರಿಸರವೆಂದರೆ ಪಕ್ಕದ ಬೀಜ, ಕೈ ಹಾಕಿದರೆ ಸಿಗುತ್ತದೆ. ಟಿಬೆಟಿನ ಆಕಾಶದಲ್ಲಿ ಚೆದುರಿದ್ದನ್ನು ಹೆಕ್ಕುವವರು ಯಾರು? ಅದಕ್ಕೆ ಬೇರೆ ಉಪಾಯವಿದೆ: ಕಳಿಸುವ ಮೊದಲೇ ಜೋಡಿಗಳನ್ನು ಸೋಸುವುದು. ಎರಡು ಮಂಕು ಜೋಡಿ ಸವೆಸಿ ಒಂದು ಚೊಕ್ಕ ಜೋಡಿ ಪಡೆಯುವ ಈ ದಾರಿಯನ್ನು 1996ರಲ್ಲಿ ತೋರಿಸಿದವರಲ್ಲೂ ಅದೇ ಬೆನೆಟ್ ಇದ್ದ. ಶರತ್ತು ಒಂದೇ, ಜೋಡಿಯ ಗುಣ ಅರ್ಧಕ್ಕಿಂತ ಮೇಲಿರಬೇಕು. ಜೋಡಿಯ ಗುಣವನ್ನು ದುಪ್ಪಟ್ಟು ಮಾಡಿ, ಒಂದು ಕೂಡಿಸಿ, ಮೂರರಿಂದ ಭಾಗಿಸಿದರೆ ಅದರಿಂದ ಎಷ್ಟು ಅಂಕದ ಟೆಲಿಪೋರ್ಟೇಶನ್ ಆದೀತು ಎಂಬುದು ಬರುತ್ತದೆ ಎಂದೆ. ಸೂತ್ರ ಕಿವಿಗೆ ಬಿದ್ದದ್ದೇ ಮಾಸ್ತರರ ಮೈಯಲ್ಲಿ ನಲವತ್ತು ವರ್ಷದ ಹುರುಪು ಬಂತು. ಪಂಚಾಂಗದ ಅಂಚಿನಲ್ಲಿ ಪೆನ್ಸಿಲ್ ಆಡಿಸಿದರು. ಅರ್ಧ ಹಾಕಿದರೆ ಮೂರರಲ್ಲಿ ಎರಡು, ಸರಿಯಾಗಿ 66.7. ಉಪಗ್ರಹದ 80ನ್ನು ಹಿಂದಕ್ಕೆ ಓಡಿಸಿದರೆ ಜೋಡಿಯ ಗುಣ 70. ಪೆನ್ಸಿಲ್ ಕೆಳಗಿಟ್ಟು ಕನ್ನಡಕದ ಮೇಲಿಂದ ನೋಡಿ ಹೇಳಿದರು: "ಅಂದ್ರ ಹುಡುಗ ಎಪ್ಪತ್ತರವನು, ಎಂಬತ್ತಂತ ಹೇಳ್ಕೋತ ತಿರಗ್ಯಾಡ್ತಾನ. ಹತ್ತು ಗ್ರೇಸ್ ಮಾರ್ಕ್ಸ್ ಯಾರು ಕೊಟ್ರು?"